ಏಳು ಗಂಟೆ ಹತ್ತು ನಿಮಿಷದ ಸದ್ದು

ಹರಿಪ್ರಸಾದ ಡಚ್ ಭಾಷೆಯ ಪರೀಕ್ಷೆ ಪಾಸು ಮಾಡಿದ್ದು ನವೆಂಬರಿನಲ್ಲಿ. ನಮ್ಮ ಕಟ್ಟಡಕ್ಕೆ ಗಂಡಾಂತರ ಬಂದದ್ದು ಡಿಸೆಂಬರಿನಲ್ಲಿ. ಎರಡಕ್ಕೂ ಸಂಬಂಧವಿದೆ ಎಂದರೆ ಅವರಿಗೆ ಬೇಸರವಾಗುತ್ತದೆ. ಆದರೂ ಇದೆ.

ನಾವಿರುವುದು ಡೀಮೆನ್ ಎಂಬ ಡಚ್ ಊರಿನ ಏಳು ಮಹಡಿಯ ಹಳೆಯ ಬಾಡಿಗೆ ಕಟ್ಟಡದಲ್ಲಿ. ಪ್ರತಿ ಮಹಡಿಗೂ ಹೊರಗೆ ಚಾಚಿದ ಉದ್ದನೆಯ ಕಾಂಕ್ರೀಟು ಗ್ಯಾಲರಿ. ಒಂದು ಕಡೆ ಮನೆಬಾಗಿಲುಗಳ ಸಾಲು, ಇನ್ನೊಂದು ಕಡೆ ಕಬ್ಬಿಣದ ಕಂಬಿ, ಅದರಾಚೆ ಬರೀ ಗಾಳಿ. ನಾಲ್ಕನೇ ಮಹಡಿಯಲ್ಲಿ ಕನ್ನಡದ ಮನೆಗಳು ಮೂರು. ೪೧೧ರಲ್ಲಿ ಹರಿಪ್ರಸಾದ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಹೆಂಡತಿ ರಜನಿ, ಆಗ ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಮೈಸೂರಿನಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದ ಅವಳ ತಾಯಿ, ಹರಿಪ್ರಸಾದರ ಅತ್ತೆ, ಗಿರಿಜಮ್ಮ. ೪೧೩ರಲ್ಲಿ ಕಿರಣ್, ಒಂಟಿ ಹುಡುಗ, ಮನೆಯಿಂದಲೇ ಆಫೀಸು. ೪೧೭, ತುದಿಯದು, ನನ್ನ ಮನೆ. ಗಂಡ ತೀರಿಕೊಂಡ ಮೇಲೆ ನಾನೊಬ್ಬಳೇ.

ಕಟ್ಟಡ ನೋಡಿಕೊಳ್ಳುವ ಸಂಸ್ಥೆಯಿಂದ ಒಂದು ಕಾಗದ ಬಂತು. ಡಚ್ ಬಾರದವರೆಲ್ಲ ಅದನ್ನು ಹಿಡಿದು ಹರಿಪ್ರಸಾದರ ಬಾಗಿಲಿಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು ಓದಿದರು.

"ಸಿಂಪಲ್. ಹದಿನೈದನೇ ತಾರೀಕು ಎಲ್ಲರ ‘ಸ್ಖೂರ್’ ಅಳತೆ ಮಾಡ್ತಾರಂತೆ. ಅಂದ್ರೆ ನೆಲಮಹಡೀಲಿ ನಮಗೆಲ್ಲ ಸಾಮಾನು ಕೋಣೆ ಇದ್ಯಲ್ಲ, ಅದು. ಖಾಲಿ ಮಾಡಿಟ್ಕೊಳಿ."

ಕಿರಣ್ ಇಪ್ಪತ್ತೆರಡು ರಟ್ಟಿನ ಡಬ್ಬಿ ಹೊತ್ತ. ಯಾರದೋ ಮಂಚ, ಯಾರದೋ ಕ್ರಿಸ್ಮಸ್ ಮರ, ನಾಲ್ಕು ಕೆಟ್ಟ ಸೈಕಲ್ಲು, ಎಲ್ಲ ಅಂಗಳಕ್ಕೆ ಬಂದವು. ೪೦೯ರ ಹೆಂಕ್, ಎಂಬತ್ತು ದಾಟಿದ ಡಚ್ ಅಜ್ಜ, ನಾಯಿಯ ಜೊತೆ ಬಂದು ಬಹಳ ಹೊತ್ತು ನೋಡಿದ. ಎಲ್ಲರೂ ಒಟ್ಟಿಗೆ ಊರು ಬಿಡುತ್ತಿದ್ದೀರಾ ಎಂದು ವಿಚಾರಿಸಿದ. ಆಮೇಲೆ ಕಾಗದ ಓದಿ ತಿಳಿಸಿದ: ಅದು ಸ್ಖೂರ್ ಅಲ್ಲ, ಸ್ಖೋರ್. ಸಾಮಾನು ಕೋಣೆಯಲ್ಲ, ಬಿರುಕು. ಅಳೆಯುವುದು ಗ್ಯಾಲರಿಯ ಬಿರುಕನ್ನು.

"ಒಂದು ಸ್ವರ ತಾನೇ," ಎಂದರು ಹರಿಪ್ರಸಾದ. "ಹೆಂಗೂ ಕ್ಲೀನ್ ಆಯ್ತಲ್ಲ."

ಹದಿನೈದಕ್ಕೆ ಬಂದವನ ಹೆಸರು ಯೋಸ್ಟ್. ಉದ್ದನೆಯ ಮನುಷ್ಯ, ತಗ್ಗಿದ ದನಿ. ನಾಣ್ಯದಷ್ಟು ಅಗಲದ ಲೋಹದ ಬಿಲ್ಲೆಗಳನ್ನು ಗ್ಯಾಲರಿಯ ನೆಲದಂಚಿಗೆ ಅಂಟಿಸಿ, ಒಂದೊಂದರ ಹತ್ತಿರವೂ ಪೆನ್ಸಿಲ್ಲಿನ ಸೀಸವನ್ನು ಕಾಂಕ್ರೀಟಿಗೆ ಒತ್ತಿ ಪಟ್ಟೆಂದು ಮುರಿಯುತ್ತಾ ಹೋದ. ಮುರಿದಾಗಲೆಲ್ಲ ಕೈಯಲ್ಲಿದ್ದ ಪರದೆ ನೋಡಿ ತಲೆಯಾಡಿಸುತ್ತಿದ್ದ.

ಗಿರಿಜಮ್ಮನಿಗೆ ನೋಡಲಾಗಲಿಲ್ಲ. "ಅಳಿಯಂದ್ರೇ, ಆತನಿಗೆ ಒಂದು ಗಟ್ಟಿ ಪೆನ್ಸಿಲ್ ಆದ್ರೂ ಕೊಡಿ. ಆವಾಗಿಂದ ಮುರ್ಕೊಂಡು ಮುರ್ಕೊಂಡು ಸಾಯ್ತಿದಾನೆ."

ಅದು ಬಿಲ್ಲೆಗಳ ಕಿವಿಯನ್ನು ಪರೀಕ್ಷಿಸುವ ರೀತಿ ಎಂದು ಯೋಸ್ಟ್ ವಿವರಿಸಿದ. ಕಾಂಕ್ರೀಟಿನೊಳಗೆ ಬಿರುಕು ಹುಟ್ಟುವಾಗ, ಬೆಳೆಯುವಾಗ, ಮನುಷ್ಯರಿಗೆ ಕೇಳಿಸದಷ್ಟು ಸಣ್ಣ ಸದ್ದಾಗುತ್ತದೆ. ಈ ಬಿಲ್ಲೆಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಯಾವ ಬಿಲ್ಲೆಗೆ ಮೊದಲು ಕೇಳಿಸಿತು ಎಂಬುದರ ಮೇಲೆ ಜಾಗ ಗೊತ್ತಾಗುತ್ತದೆ. ಹರಿಪ್ರಸಾದ ಇದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಬೆವೆತರು. ಗಿರಿಜಮ್ಮ ಅರ್ಧದಲ್ಲೇ ತಡೆದರು.

"ಗೊತ್ತಾಯ್ತು ಬಿಡಿ. ಸಾಸಿವೆ ಚಟಪಟ ಅಂದಾಗ ಎಣ್ಣೆ ಕಾದಿದೆ ಅಂತ ನಾವು ನಡುಮನೇಲಿ ಕೂತೇ ಹೇಳಲ್ವಾ? ಅದೇ ತಾನೇ?"

ಅದೇ.

ಸದ್ದುಗಳನ್ನೆಲ್ಲ ಒಂದು ಪೆಟ್ಟಿಗೆ ಲೆಕ್ಕ ಇಡುತ್ತದೆ, ಅದಕ್ಕೆ ಹಸಿರು, ಕಿತ್ತಳೆ, ಕೆಂಪು ದೀಪಗಳಿವೆ, ಯಾರ ಮನೆಯಲ್ಲಿ ಇಡಬಹುದು ಎಂದು ಯೋಸ್ಟ್ ವಿಚಾರಿಸಿದ. "ನಮ್ಮನೇಲಿ!" ಎಂದರು ಹರಿಪ್ರಸಾದ. ಯೋಸ್ಟ್‌ಗೆ ಬೇಕಾಗಿದ್ದದ್ದು ಒಂದು ಪ್ಲಗ್ ಪಾಯಿಂಟು. ಹರಿಪ್ರಸಾದ ತಮ್ಮನ್ನೇ ಕೊಟ್ಟುಬಿಟ್ಟರು.

ಮರುದಿನದಿಂದ ಅವರ ಆಡಳಿತ ಶುರುವಾಯಿತು. ನೀಲಿ ರಟ್ಟಿನ ಒಂದು ಪುಸ್ತಕ ಬಂತು. ಗ್ಯಾಲರಿಯಲ್ಲಿ ಓಡಬಾರದು, ಸೈಕಲ್ ಒರಗಿಸಬಾರದು, ಬಾಗಿಲು ದಢಾರೆಂದು ಹಾಕಬಾರದು. ಹೆಂಕ್‌ನ ನಾಯಿಯ ಉಗುರು ಕತ್ತರಿಸಬೇಕು. ಮೊದಲ ವಾರ ಅಪ್ಪಣೆಗಳೆಲ್ಲ ಚೆನ್ನಾಗಿ ಪಾಲನೆಯಾದವು, ಏಕೆಂದರೆ ದೀಪ ಹಸಿರಿತ್ತು.

ಹೊಸ ವರ್ಷ ಬಂದು ಚಳಿ ಹೆಚ್ಚಾದ ಮೇಲೆ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಪೆಟ್ಟಿಗೆ ‘ಪೀಂ’ ಎಂದಿತು. ಕಿತ್ತಳೆ ದೀಪ. ಮರುದಿನ ಮತ್ತೆ ಏಳು ಹತ್ತಕ್ಕೆ. ಅದರ ಮರುದಿನವೂ. ಜಾಗಗಳು ಎರಡು ಎಂದು ಯೋಸ್ಟ್ ಫೋನಿನಲ್ಲಿ ತಿಳಿಸಿದ: ಒಂದು ೪೧೧ರ ಆಸುಪಾಸು, ನಾಲ್ಕು ನಿಮಿಷದ ನಂತರ ಇನ್ನೊಂದು ೪೧೭ರ ಬಳಿ.

ಹರಿಪ್ರಸಾದ ಮೊದಲು ಹಿಡಿದದ್ದು ಕಿರಣನನ್ನು, ಏಕೆಂದರೆ ಅವನು ಬೆಳಿಗ್ಗೆ ಸ್ಕಿಪ್ಪಿಂಗ್ ಮಾಡುತ್ತಿದ್ದ.

"ಸಾರ್, ನಾನ್ ಸ್ಕಿಪ್ಪಿಂಗ್ ಮಾಡೋದು ಎಂಟೂವರೆಗೆ. ಅದೂ ಒಳಗೆ, ಕಾರ್ಪೆಟ್ ಮೇಲೆ."

"ಕಾಂಕ್ರೀಟಿಗೆ ಮೆಮೊರಿ ಇರತ್ತೆ ಕಿರಣ್. ನಿನ್ನೆ ಎಂಟೂವರೆಗೆ ಮಾಡಿದ್ದು ಇವತ್ತು ಏಳಕ್ಕೆ ಬಂದಿರಬಹುದು."

"ಯಾಕ್ ಸಾರ್, ಪೋಸ್ಟಲ್ಲಿ ಬರತ್ತಾ?"

ಸ್ಕಿಪ್ಪಿಂಗ್ ನಿಂತಿತು. ಸದ್ದು ನಿಲ್ಲಲಿಲ್ಲ. ಹರಿಪ್ರಸಾದ ಪುಸ್ತಕ ಹಿಡಿದು ನನ್ನ ಮನೆಗೆ ಬಂದರು.

"ಮೇಡಂ, ತಪ್ಪು ತಿಳ್ಕೋಬೇಡಿ. ದಿನಾ ಏಳು ಹದಿನಾಲ್ಕಕ್ಕೆ ನೀವೇನು ಮಾಡ್ತೀರಾ?"

"ಏನೂ ಇಲ್ಲ."

"ಏನಾದ್ರೂ ಮಾಡ್ತಿರ್ಬೇಕಲ್ಲ."

"ಇಲ್ಲ."

ಅವರು ಪುಸ್ತಕದಲ್ಲಿ ‘೪೧೭: ಏನೂ ಇಲ್ಲ’ ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಆಮೇಲೆ ಅವರೇ ಕಾವಲಿಗೆ ನಿಂತರು. ಉಣ್ಣೆ ಟೋಪಿ ಹಾಕಿಕೊಂಡು ಏಳಕ್ಕೆ ಐದು ನಿಮಿಷವಿದ್ದಾಗಲೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಪೀಂ ಎಂದ ಕೂಡಲೇ ಬಾಗಿಲು ತೆರೆದು ಹೊರಗೆ ಹಾರುತ್ತಿದ್ದರು. ಹೊಸ್ತಿಲ ಬಳಿ ಗಿರಿಜಮ್ಮ ಚೊಂಬು ಹಿಡಿದು ಬಾಗಿಲಿಗೆ ನೀರು ಹಾಕುತ್ತಾ ಇರುತ್ತಿದ್ದರು.

"ಅತ್ತೆ, ಸ್ವಲ್ಪ ಆ ಕಡೆ ಬನ್ನಿ. ಸದ್ದು ಹುಡುಕ್ತಿದೀನಿ."

"ಹುಡುಕಿ ಹುಡುಕಿ. ರಂಗೋಲಿ ತುಳಿಬೇಡಿ."

ಅವರು ಅತ್ತೆಯನ್ನು ದಾಟಿಕೊಂಡು ಹೋಗಿ ಗ್ಯಾಲರಿಯ ಎರಡೂ ತುದಿ ನೋಡಿ ಬರುತ್ತಿದ್ದರು. ಯಾರೂ ಇರುತ್ತಿರಲಿಲ್ಲ. ‘ಯಾರೂ ಇಲ್ಲ’ ಎಂದು ಬರೆಯುತ್ತಿದ್ದರು. ಅವರನ್ನು ದೂರುವಂತಿಲ್ಲ. ಅತ್ತೆ ಬಾಗಿಲಿಗೆ ನೀರು ಹಾಕುವುದು ಬೆಳಗಾಗುವುದರ ಒಂದು ಭಾಗ. ಬೆಳಗಾಯಿತು ಎಂದು ಯಾರೂ ದೂರು ಬರೆದುಕೊಳ್ಳುವುದಿಲ್ಲ.

ಗಿರಿಜಮ್ಮ ನನ್ನ ಬಾಗಿಲಿಗೂ ಹಾಕುತ್ತಿದ್ದರು. ಬೇಡ ಎಂದಿದ್ದೆ. "ನಿನ್ನನ್ನ ಯಾರು ಕೇಳಿದ್ರು?" ಎಂದಿದ್ದರು.

ಮೈನಸ್ ನಾಲ್ಕು ಬಂದ ದಿನ ಹೆಂಕ್ ೪೧೧ರ ಮುಂದೆ ಜಾರಿದ. ಕಂಬಿ ಹಿಡಿದದ್ದರಿಂದ ಬೀಳಲಿಲ್ಲ. ನಾಯಿ ಮಾತ್ರ ಹೊಟ್ಟೆಯ ಮೇಲೆ ೪೧೩ರವರೆಗೆ ಹೋಯಿತು. ನೆಲ ಗಾಜಾಗಿದೆ ಎಂದು ಹೆಂಕ್ ಅಧಿಕಾರಿಗೆ, ಎಂದರೆ ಹರಿಪ್ರಸಾದರಿಗೆ, ದೂರು ಕೊಟ್ಟ. ಊಟದ ಹೊತ್ತಿನಲ್ಲಿ ಅವರು ಮನೆಯಲ್ಲಿ ಹೇಳಿದರು, "ಹೊರಗಡೆ ಐಸ್ ಆಗಿದೆ, ಎಲ್ರೂ ಹುಷಾರು." ಐಸ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೇಳದೆಯೇ ಅರ್ಥ ಮಾಡಿಕೊಂಡವರು ಗಿರಿಜಮ್ಮ ಒಬ್ಬರೇ. ಪಾಪ, ಮುದುಕ ಬೀಳಬಾರದು ಎಂದು ಮರುದಿನದಿಂದ ಕೆಟಲ್ಲಿನಲ್ಲಿ ಕುದಿಸಿದ ನೀರು ಹಾಕತೊಡಗಿದರು.

ದೀಪ ಕೆಂಪಾಯಿತು.

ಕೆಂಪು ಮೂರು ದಿನ ಬಂದ ಮೇಲೆ ಸಂಸ್ಥೆಯ ಮೆವ್ರೌ, ಎಂದರೆ ಶ್ರೀಮತಿ, ಬಾಕರ್ ಎಂಬ ಅಧಿಕಾರಿಣಿಯಿಂದ ಪತ್ರ ಬಂತು. ಈ ಸಲ ಹರಿಪ್ರಸಾದರಿಗೆ ಪ್ರತಿಯೊಂದು ಪದವೂ ಅರ್ಥವಾಯಿತು. ಶುಕ್ರವಾರ ಸಭೆ. ಸದ್ದಿಗೆ ಕಾರಣ ಸಿಗದಿದ್ದರೆ ನಾಲ್ಕನೇ ಮಹಡಿ ಖಾಲಿ. ಎಲ್ಲರಿಗೂ ತಾತ್ಕಾಲಿಕ ವಸತಿ: ಒಂದೂವರೆ ಗಂಟೆ ದೂರದ ಕಾಡಿನಲ್ಲಿ, ರಜೆಗೆ ಹೋಗುವವರ ಮರದ ಮನೆಗಳು. ಕನಿಷ್ಠ ಎರಡು ತಿಂಗಳು.

ರಜನಿಗೆ ದಿನ ತುಂಬಲು ಮೂರು ವಾರವಿತ್ತು. ಹೆರಿಗೆ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಇಲ್ಲಿ ಹಾಗೆ ಮಾಡಿಸಿಕೊಳ್ಳುವವರು ಇದ್ದಾರೆ. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿಯಾಗಿತ್ತು. ಸೂಲಗಿತ್ತಿ ಡೀಮೆನ್‌ನವಳು, ಸೈಕಲ್ಲಿನಲ್ಲಿ ಆರು ನಿಮಿಷ. ಕಾಡಿಗೆ ಅವಳು ಬರುವುದಿಲ್ಲ.

"ಅಲ್ಲಿ ಯಾರು ಬರ್ತಾರೆ ಹರಿ? ಜಿಂಕೆನಾ?" ಎಂದಳು ರಜನಿ. ನಗಿಸಲು ಹೇಳಿದ್ದು. ಆಮೇಲೆ ಅವಳು ಒಳಗೆ ಹೋಗಿ ಮಲಗಿದಳು.

ಬುಧವಾರ ಬೆಳಿಗ್ಗೆ ನಾನು ಕಸದ ಚೀಲ ಹಿಡಿದು ಬಾಗಿಲು ತೆಗೆದೆ. ನನ್ನ ಹೊಸ್ತಿಲ ಮುಂದೆ ಮೋಡದಷ್ಟು ಹಬೆ. ಹಬೆಯೊಳಗೆ ಗಿರಿಜಮ್ಮ, ಮಗಳ ಉದ್ದ ಕೋಟು, ಕಾಲಿಗೆ ಎರಡು ಜೊತೆ ಕಾಲುಚೀಲ, ಕೈಯಲ್ಲಿ ಕೆಟಲ್ಲು. ಕುದಿನೀರು ಹೆಪ್ಪುಗಟ್ಟಿದ ನೆಲಕ್ಕೆ ಬೀಳುತ್ತಿದ್ದಂತೆ ನನ್ನ ಬರಿಗಿವಿಗೇ ಕೇಳಿಸಿತು: ಚಟ್, ಚಟ್, ಚಟ್. ಆ ತುದಿಯಲ್ಲಿ ಪೆಟ್ಟಿಗೆ ಅರಚಿಕೊಂಡಿತು.

ಹರಿಪ್ರಸಾದರಿಗೆ ಹೇಳಿದೆ. ಅವರು ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.

"ಅತ್ತೇನಾ?"

"ಹೂಂ."

"ನಾನು ದಿನಾ ಅವರನ್ನ ದಾಟ್ಕೊಂಡು ಹೋಗ್ತಿದ್ನಲ್ಲ ಮೇಡಂ."

"ಹೌದು."

"ನಾಯಿ ಉಗುರು ಕತ್ತರಿಸಿದೀನಿ." ನೀಲಿ ಪುಸ್ತಕ ಮುಚ್ಚಿದರು. "ಯಾರಿಗೂ ಹೇಳ್ಬೇಡಿ. ಶುಕ್ರವಾರ ಏನಾದ್ರೂ ಹೇಳಿ ತಪ್ಪಿಸ್ತೀನಿ. ಹಕ್ಕಿ ಅಂತೀನಿ. ದೊಡ್ಡ ಹಕ್ಕಿ."

ಒಳಗಿನಿಂದ ರಜನಿ ಕೂಗಿದಳು. "ಹರಿ, ಹಕ್ಕಿ ಅಂದ್ಯೋ, ನೋಡು! ಅಮ್ಮ ಅಂತಲೇ ಹೇಳು. ನಿನ್ನ ಮರ್ಯಾದೆಗೋಸ್ಕರ ನಾನು ಕಾಡಲ್ಲಿ ಹೆರಲ್ಲ."

ಶುಕ್ರವಾರ ನೆಲಮಹಡಿಯ ಸಭಾಂಗಣದಲ್ಲಿ ಕಾಫಿ, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು. ಹರಿಪ್ರಸಾದ ಎದ್ದು ನಿಂತರು. ಕೋಟು ಹಾಕಿದ್ದರು. ಡಚ್ಚಿನಲ್ಲಿ ‘ಸ್ಖೋನ್’ ಎಂದರೆ ಶುಚಿ, ‘ಮೂಡರ್’ ಎಂದರೆ ತಾಯಿ. ‘ಸ್ಖೋನ್‌ಮೂಡರ್’ ಎಂದರೆ ಅತ್ತೆ. ಏಕೆ ಎಂದು ಕೇಳಿದರೆ ಡಚ್ಚರು ಭುಜ ಕುಣಿಸುತ್ತಾರೆ. ಹರಿಪ್ರಸಾದ ಹೇಳಬೇಕಾಗಿದ್ದದ್ದು ಇಷ್ಟೇ: ನನ್ನ ಅತ್ತೆ ದಿನವೂ ಬಾಗಿಲ ಮುಂದೆ ನೀರು ಹಾಕಿ ಶುಚಿ ಮಾಡುತ್ತಾರೆ, ಸದ್ದು ಅದರದು. ಅವಸರದಲ್ಲಿ ಪದಗಳು ಸ್ಥಾನ ಬಿಟ್ಟವು. ಅವರ ಬಾಯಿಂದ ಬಂದದ್ದು: "ನಾನು ದಿನವೂ ಏಳು ಹತ್ತಕ್ಕೆ ಅತ್ತೆಯನ್ನು ಕುದಿಯುವ ನೀರಿನಿಂದ ಶುಚಿ ಮಾಡುತ್ತೇನೆ. ಅವರು ಚಟಪಟ ಎನ್ನುತ್ತಾರೆ."

ಮೆವ್ರೌ ಬಾಕರ್ ಬಿಸ್ಕತ್ತು ಕೆಳಗಿಟ್ಟರು. ಹೆಂಕ್ ಗಿರಿಜಮ್ಮನ ಕಡೆ ತಿರುಗಿ, ಆಕೆ ಇಡಿಯಾಗಿದ್ದಾಳೆಯೇ ಎಂದು ನೋಡಿದ. ಕಿರಣ್ ಎದ್ದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ.

ಸಭೆ ನಕ್ಕಿತು. ಆದರೆ ಸಂತೋಷದ ನಗು. ಏನು ನಡೆಯಿತೆಂದು ಗಿರಿಜಮ್ಮ ಕೇಳಿದಾಗ ಹರಿಪ್ರಸಾದ ಪದದ ಅರ್ಥ ಹೇಳಬೇಕಾಯಿತು.

"ಏನಂದ್ರಿ? ಇವರ ಭಾಷೇಲಿ ಅತ್ತೆ ಅಂದ್ರೆ ಶುದ್ಧ ಮಾಡೋ ತಾಯಿ ಅಂತಲಾ?" ಗಿರಿಜಮ್ಮ ಸೆರಗು ಸರಿಮಾಡಿಕೊಂಡರು. "ಮತ್ತೆ? ಹೆಸರಲ್ಲೇ ಇದೆ. ನಾನೇನು ತಪ್ಪು ಮಾಡಿದೆ?"

ಯೋಸ್ಟ್ ನಂಬಿದ. ಕಾಂಕ್ರೀಟಿನ ಸಂದುಗಳಲ್ಲಿ ನೀರು ಹೆಪ್ಪುಗಟ್ಟಿದರೂ ಸದ್ದು, ಹೆಪ್ಪಿನ ಮೇಲೆ ಕುದಿನೀರು ಬಿದ್ದರೂ ಸದ್ದು. ಲೆಕ್ಕ ಸರಿಹೋಗುತ್ತದೆ ಎಂದ. ಮೆವ್ರೌ ಬಾಕರ್‌ಗೆ ಅಷ್ಟು ಸಾಲದು. ಏಳು ಮಹಡಿಗಳ ಹೊಣೆಯನ್ನು ಒಂದು ಕೆಟಲ್ಲಿನ ಮೇಲೆ ಹಾಕಲಾಗದು. ಮಂಗಳವಾರ ಗ್ಯಾಲರಿಗೆ ಭಾರ ಹೇರಿ ಪರೀಕ್ಷೆ, ಅಲ್ಲಿಯವರೆಗೆ ಒಂದು ತೊಟ್ಟು ನೀರೂ ಬೀಳಬಾರದು ಎಂದರು. ಪರೀಕ್ಷೆಯಲ್ಲಿ ಗ್ಯಾಲರಿ ಸದ್ದು ಮಾಡಿದರೆ ಬುಧವಾರ ಬಸ್ಸು ಬರುತ್ತದೆ.

ಸಂಜೆ ೪೧೧ರಲ್ಲಿ ನಾವೆಲ್ಲ ಚಹಾ ಕುಡಿಯುತ್ತಿದ್ದೆವು.

"ನಾಲ್ಕು ದಿನ ಬಾಗಿಲು ಒಣಗಿಸೋದಾ? ಬಸುರಿ ಇರೋ ಮನೇಲಿ? ಆಗಲ್ಲ ಅಳಿಯಂದ್ರೇ. ಒಣ ಬಾಗಿಲು ಅಂದ್ರೆ ಸೂತಕದ ಮನೆ. ಸತ್ತವರ ಮನೆ ಬಾಗಿಲು ಅದು..."

ಗಿರಿಜಮ್ಮ ನನ್ನನ್ನು ನೋಡಿ ನಿಲ್ಲಿಸಿದರು. ನಾನು ಚಹಾ ಮುಗಿಸಿದೆ. ಚೆನ್ನಾಗಿತ್ತು, ಶುಂಠಿ ಹಾಕಿದ್ದರು.

"ಒದ್ದೆ ಬಟ್ಟೇಲಿ ಒರೆಸ್ತೀನಿ," ಎಂದರು ಗಿರಿಜಮ್ಮ. "ಗಟ್ಟಿಯಾಗಿ ಹಿಂಡಿ. ಎರಡೂ ಬಾಗಿಲು."

ಮಂಗಳವಾರ ಚಳಿ ಇಳಿದಿತ್ತು. ಯೋಸ್ಟ್ ಹಾಸಿಗೆಯಂಥ ದೊಡ್ಡ ರಬ್ಬರ್ ಚೀಲಗಳನ್ನು ಗ್ಯಾಲರಿಯ ಉದ್ದಕ್ಕೂ ಹಾಸಿದ. ಕೆಳಗಿನ ಲಾರಿಯಿಂದ ಮೇಲಕ್ಕೆ ಕೊಳವೆ ಎಳೆದ. ಚೀಲಗಳಿಗೆ ಏನು ತುಂಬಿಸುತ್ತಾನೆ ಎಂದು ಗಿರಿಜಮ್ಮ ಕೇಳಿದರು.

"ನೀರು, ಅತ್ತೆ."

"ನೀರು."

"ಹೂಂ. ಭಾರಕ್ಕೆ."

"ನಾನು ಒಂದು ಚೊಂಬು ಹಾಕಿದ್ರೆ ಊರೆಲ್ಲ ಸಭೆ. ಈತ ಕೆರೆ ತಂದು ಸುರೀತಿದಾನೆ, ಇವನಿಗೆ ಸಂಬಳ!"

ಕಾಂಕ್ರೀಟು ತಾನು ಹೊತ್ತ ದೊಡ್ಡ ಭಾರವನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಯೋಸ್ಟ್ ಹೇಳಿದ. ಮೊದಲನೇ ಸಲ ಹೇರಿದಾಗ ಗೊಣಗಿದರೂ ಸರಿಯೇ. ಇಳಿಸಿ, ಅಷ್ಟೇ ಭಾರವನ್ನು ಮತ್ತೆ ಹೇರಿದಾಗ ಆರೋಗ್ಯವಾಗಿದ್ದರೆ ಸುಮ್ಮನಿರುತ್ತದೆ. ಗಾಯಗೊಂಡಿದ್ದರೆ ಎರಡನೇ ಸಲವೂ ನರಳುತ್ತದೆ.

"ಚೊಚ್ಚಲು ಹೆರಿಗೆ, ಎರಡನೇ ಹೆರಿಗೆ," ಎಂದರು ಗಿರಿಜಮ್ಮ. "ಅದಕ್ಕಿಷ್ಟು ಓದ್ಬೇಕಾ?"

ಮೊದಲನೇ ಸಲ ಪೆಟ್ಟಿಗೆ ಅಲ್ಲಲ್ಲಿ ಗೊಣಗಿತು. ಚೀಲ ಖಾಲಿ ಮಾಡಿ ಮತ್ತೆ ತುಂಬಿದರು. ಇನ್ನು ಅರ್ಧ ಗಂಟೆ ಯಾರೂ ಅಲುಗಾಡುವಂತಿಲ್ಲ. ೪೧೧ರ ಹಜಾರದಲ್ಲಿ ಪೆಟ್ಟಿಗೆಯ ಸುತ್ತ ಯೋಸ್ಟ್, ಮೆವ್ರೌ ಬಾಕರ್, ಹರಿಪ್ರಸಾದ, ನಾನು. ಸೋಫಾದ ಮೇಲೆ ರಜನಿ, ಎರಡೂ ಕೈ ಹೊಟ್ಟೆಯ ಮೇಲೆ. ಕಿರಣ್ ಸೀನು ಬರುತ್ತದೆಂದು ಮೂಗು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದ. ಬಾಗಿಲು ತೆರೆದಿತ್ತು, ಗಿರಿಜಮ್ಮ ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತಿದ್ದರು.

ಹತ್ತು ನಿಮಿಷ. ಹಸಿರು. ಇಪ್ಪತ್ತು ನಿಮಿಷ. ಹಸಿರು. ಹರಿಪ್ರಸಾದ ಉಸಿರು ಬಿಡುವುದನ್ನೂ ಲೆಕ್ಕ ಹಾಕಿ ಬಿಡುತ್ತಿದ್ದರು. ಇಪ್ಪತ್ತೆಂಟನೇ ನಿಮಿಷದಲ್ಲಿ ಪೆಟ್ಟಿಗೆ ಪೀಂ ಎಂದಿತು. ಮತ್ತೆ. ಮತ್ತೆ. ಸಾಲಾಗಿ ಹತ್ತು ಸಲ. ಎಲ್ಲವೂ ಇದೇ ಬಾಗಿಲ ಮುಂದೆ.

ಮೆವ್ರೌ ಬಾಕರ್ ಫೋನು ತೆಗೆದರು. ರಜನಿ ಕಣ್ಣು ಮುಚ್ಚಿದಳು. ಹರಿಪ್ರಸಾದ ನಿಧಾನವಾಗಿ ಬಾಗಿಲ ಕಡೆ ತಿರುಗಿದರು.

ಗಿರಿಜಮ್ಮ ಹೊಸ್ತಿಲಿನಿಂದಾಚೆ ಬಾಗಿ, ಚೀಲಕ್ಕೂ ಬಾಗಿಲಿಗೂ ನಡುವೆ ಉಳಿದಿದ್ದ ಗೇಣುದ್ದ ಕಾಂಕ್ರೀಟನ್ನು ಎರಡೂ ಕೈಯಿಂದ ನೀವಿ, ಹತ್ತೂ ಬೆರಳನ್ನು ಅದಕ್ಕೇ ಒತ್ತಿ ಆಗಷ್ಟೇ ನೆಟಿಗೆ ಮುರಿದು ಮುಗಿಸಿದ್ದರು.

"ಏನ್ ಮಾಡಿದ್ರಿ ಅತ್ತೆ!"

"ದೃಷ್ಟಿ ತೆಗೆದೆ. ಅಷ್ಟು ಹೊತ್ಕೊಂಡು ಒಂದು ಮಾತಾಡದೆ ನಿಂತಿದೆ ಪಾಪ, ಇಷ್ಟು ಜನ ಕಣ್ಣು ಬಿಟ್ಕೊಂಡು ನೋಡ್ತಿದೀರ. ಆಗಲ್ವಾ ದೃಷ್ಟಿ?"

ದೃಷ್ಟಿಗೆ ಡಚ್ಚಿನಲ್ಲಿ ಏನನ್ನುತ್ತಾರೋ ಹರಿಪ್ರಸಾದರ ಪರೀಕ್ಷೆಯಲ್ಲಿ ಬಂದಿರಲಿಲ್ಲ. ಹಿಂದಿನ ಸಭೆ ನೆನಪಾಗಿರಬೇಕು. "ಅತ್ತೆ," ಎಂದರು, "ಇವರಿಗೂ ಒಂದು ತೆಗೀರಿ."

ಗಿರಿಜಮ್ಮ ಎದ್ದು ಬಂದರು. ಯೋಸ್ಟ್ ಎತ್ತರ, ಕೈಸನ್ನೆ ಮಾಡಿ ಬಗ್ಗಿಸಿದರು. ಅವನ ಮುಖವನ್ನು ಮೇಲಿನಿಂದ ಕೆಳಗೆ ನೀವಿ, ಬೆರಳು ಮಡಿಸಿ ತಮ್ಮ ಕಿವಿಯ ಮೇಲ್ಭಾಗಕ್ಕೆ ಒತ್ತಿದರು. ಹತ್ತೂ ಬೆರಳು ಪಟಪಟನೆ ಮುರಿದವು.

ಯೋಸ್ಟ್ ಪರದೆಯ ಮೇಲಿನ ಹತ್ತು ಗೆರೆ ನೋಡಿದ. ಗಿರಿಜಮ್ಮನ ಹತ್ತು ಬೆರಳು ನೋಡಿದ. ಅವನು ಗಡಿಯಾರವನ್ನು ಮೊದಲಿಗೆ ತಿರುಗಿಸಿ, ಇನ್ನೂ ಅರ್ಧ ಗಂಟೆ ಎಂದ. ಹರಿಪ್ರಸಾದ ಅತ್ತೆಯ ಪಕ್ಕ ನೆಲದ ಮೇಲೆ ಕೂತು ಅವರ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು. ಅಳಿಯ ಹಾಗೆ ಕೈ ಹಿಡಿದದ್ದು ಅದೇ ಮೊದಲಂತೆ. ಗಿರಿಜಮ್ಮ ನಾಚಿಕೊಂಡು ಕೊನೆಯವರೆಗೂ ಗೋಡೆ ನೋಡಿದರು.

ಅರ್ಧ ಗಂಟೆ ಹಸಿರು ದೀಪ ಕದಲಲಿಲ್ಲ.

ಬುಧವಾರ ಬಸ್ಸು ಬರಲಿಲ್ಲ. ಎರಡು ವಾರದ ಮೇಲೆ ೪೧೧ರಲ್ಲಿ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಐದು ನಿಮಿಷಕ್ಕೇ ಬಂದಳು.

ಯೋಸ್ಟ್‌ನ ವರದಿ ತಲುಪಿದಾಗ ಮಗುವಿಗೆ ಒಂಬತ್ತು ದಿನ. ಹರಿಪ್ರಸಾದ ಈಗ ಕಾಗದಗಳನ್ನು ಮೊದಲು ಹೆಂಕ್‌ಗೆ ತೋರಿಸಿ ಆಮೇಲೆ ಓದುತ್ತಾರೆ. ಗ್ಯಾಲರಿ ಆರೋಗ್ಯವಾಗಿದೆ. ಕೊನೆಯ ಪುಟದಲ್ಲಿ ಒಂದು ಸಾಲು: ‘ಇಪ್ಪತ್ತೆಂಟನೇ ನಿಮಿಷದ ಹತ್ತು ಸಂಕೇತಗಳು: ಒಬ್ಬ ಅತ್ತೆಯ ಬೆರಳುಗಳಿಂದ. ಕಟ್ಟಡದ ಸ್ಥಿರತೆಗೆ ಸಂಬಂಧವಿಲ್ಲ.’

ಗಿರಿಜಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಕೈ ನಿಲ್ಲಿಸಿದರು.

"ಸಂಬಂಧ ಇಲ್ವಂತಾ?" ಎಂದರು. "ಹಾಗಾದ್ರೆ ಅದು ಬೀಳದೆ ನಿಂತಿರೋದು ಯಾರಿಂದ ಅಂತೆ, ಕೇಳಿ ಆತನ್ನ."